ಎರೆಮಣ್ಣಿನ ಮೇಲಿನ ಹೊಸ ಮನೆ: ಗೋಡೆ ಬಿರುಕು, ತಾರಸಿ ಸೋರಿಕೆ, ಎದ್ದ ಟೈಲ್ಸ್. ಮೊದಲು ಯಾವುದಕ್ಕೆ ಕೈ ಹಾಕಬೇಕು?

ಹೊಸಮನೆ_ಧಾರವಾಡ

ಧಾರವಾಡ ತಾಲೂಕು, 30×40 ಸೈಟು, ಅಪ್ಪಟ ಎರೆಮಣ್ಣು. ನೆಲಮಹಡಿ, ಮೇಲೊಂದು ಮಹಡಿ. ಕಾಲಂ-ಬೀಮಿನ ಕಟ್ಟಡ, ಫೂಟಿಂಗ್ (ಕಾಲಂ ಬುಡದ ಪಾಯ) 5 ಅಡಿ ಆಳ. ಮಟೀರಿಯಲ್ ಸಹಿತ ಗುತ್ತಿಗೆ. ಗೃಹಪ್ರವೇಶವಾಗಿ 14 ತಿಂಗಳಾಯಿತು.

ಈಗಿನ ಸ್ಥಿತಿ: ಅಡುಗೆಮನೆಯ ಆಗ್ನೇಯ ಮೂಲೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿದ ಬಿರುಕು, ಮೇಲ್ತುದಿಯಲ್ಲಿ 4 ಮಿ.ಮೀ., ಕೆಳಗೆ ಕೂದಲೆಳೆ. ಮೇಲಿನ ಮಹಡಿಯಲ್ಲಿ ಸ್ಲ್ಯಾಬಿನ ಕೆಳಗೆ ಗೋಡೆ ಉದ್ದಕ್ಕೂ ಅಡ್ಡಗೆರೆ. ಮಲಗುವ ಕೋಣೆಯಲ್ಲಿ ಕುಂಬಿಗೋಡೆಯ (ತಾರಸಿ ಅಂಚಿನ ಗಿಡ್ಡ ಗೋಡೆ) ಪಕ್ಕದ ಚಾವಣಿ ಮಳೆ ಬಂದಾಗ ಒದ್ದೆ. ಹಾಲ್‌ನಲ್ಲಿ ಆರೇಳು ಟೈಲ್ಸ್ ಎದ್ದಿವೆ, ಬಡಿದರೆ ಟೊಳ್ಳು ಸದ್ದು.

ಗುತ್ತಿಗೆದಾರರು "ಹೊಸ ಮನಿ ಅಂದಮ್ಯಾಲ ಬಿರುಕು ಇರೂದ, ಪುಟ್ಟಿ ಹಾಕಿಸಿ ಕೊಡ್ತೀನಿ" ಅನ್ನುತ್ತಿದ್ದಾರೆ. ಅವರಿಗೆ ಇನ್ನೂ 1.8 ಲಕ್ಷ ಕೊಡುವುದಿದೆ. ಪುಟ್ಟಿಗೆ ಒಪ್ಪಬಹುದೇ?

ಕಾಲಂ_ಬೀಮು

ಈಗಲೇ ಪುಟ್ಟಿಗೆ ಒಪ್ಪಬೇಡಿ. ಬಿರುಕು ಮುಚ್ಚಿದ ದಿನವೇ ನಿಮ್ಮ ಅರ್ಧ ಪುರಾವೆ ಮುಚ್ಚಿಹೋಗುತ್ತದೆ. ನಾಲ್ಕನ್ನೂ ಒಂದೇ ಚೀಲಕ್ಕೆ ತುಂಬಲೂ ಬೇಡಿ, ಒಂದೊಂದರ ಕಾರಣ ಬೇರೆ.

ಸ್ಲ್ಯಾಬಿನ ಕೆಳಗಿನ ಅಡ್ಡಗೆರೆಗೂ ಮಣ್ಣಿಗೂ ಸಂಬಂಧವಿಲ್ಲ. ಬಿಸಿಲಿಗೆ ಮೇಲಿನ ಸ್ಲ್ಯಾಬು ಹಿಗ್ಗುತ್ತದೆ, ಅದಕ್ಕೆ ಅಂಟಿಕೊಂಡ ಗೋಡೆ ಅಷ್ಟು ಹಿಗ್ಗುವುದಿಲ್ಲ, ನಡುವೆ ಸೀಳುತ್ತದೆ. ಮೇಲಿನ ಮಹಡಿಯಲ್ಲಷ್ಟೇ ಇದ್ದರೆ ಇದೇ ಎಂದು ಬಹುಮಟ್ಟಿಗೆ ಹೇಳಬಹುದು. ಗಾಬರಿ ಬೇಡ. ಅಲ್ಲಿ 10 ಮಿ.ಮೀ. ತೋಡು ಕೊರೆದು ಹಿಗ್ಗಿ ಕುಗ್ಗುವ ಪಿಯು (ಪಾಲಿಯುರೆಥೇನ್) ಸೀಲಂಟ್ ತುಂಬಿ, ತಾರಸಿಗೆ ಬಿಸಿಲು ತಿರುಗಿಸುವ ಬಿಳಿ ಬಣ್ಣ ಹೊಡೆಸಿದರೆ ಸಾಕು. ಸಿಮೆಂಟ್ ತುಂಬಿಸಿದರೆ ಮುಂದಿನ ಬೇಸಿಗೆಗೆ ಮತ್ತೆ ಅದೇ ಗೆರೆ.

ಅಡುಗೆಮನೆ ಮೂಲೆಯದು ಪಾಯದ ವಿಷಯ. ಮೇಲೆ ಅಗಲ, ಕೆಳಗೆ ಸಣ್ಣ ಎಂದರೆ ಮೂಲೆ ಕೆಳಗಿಳಿಯುತ್ತಿದೆ. ಕೆಳಗೆ ಅಗಲವಿದ್ದಿದ್ದರೆ ಮೂಲೆ ಮೇಲೇಳುತ್ತಿದೆ ಅಥವಾ ನಡುಭಾಗ ಕುಸಿಯುತ್ತಿದೆ ಎಂದಾಗುತ್ತಿತ್ತು. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಾಯಿಬಿಡುತ್ತದೆ. ಈ ಏರಿಳಿತ ಸುಮಾರು 3.5 ಮೀಟರ್ ಆಳದವರೆಗೂ ಇರುತ್ತದೆ. ಅಂಥ ಕಡೆ 5 ಅಡಿಗೆ ಫೂಟಿಂಗ್ ನಿಲ್ಲಿಸಿದ್ದು ಪೇಚಾಟದ ಮೂಲ. ಬುಡದಲ್ಲಿ ಕಾಂಡದ ಎರಡೂವರೆ ಪಟ್ಟು ಅಗಲದ ಗೆಡ್ಡೆ ಇರುವ ಅಂಡರ್‌ರೀಮ್ಡ್ ಪೈಲು (ನೆಲದಾಳಕ್ಕೆ ಇಳಿಸುವ ಕಾಂಕ್ರೀಟ್ ಕಂಬ) ಇಂಥ ಮಣ್ಣಿಗೆಂದೇ ಇರುವುದು.

ಮೊದಲ ಕೆಲಸ, ಬಿರುಕು ಜೀವಂತವೋ ಸತ್ತಿದೆಯೋ ನೋಡುವುದು. ಬಿರುಕಿನ ಎರಡೂ ಬದಿಗೆ ಒಂದೊಂದು ಸ್ಕ್ರೂ ಕೂರಿಸಿ, ನಡುವಿನ ಅಂತರವನ್ನು ಡಿಜಿಟಲ್ ವರ್ನಿಯರ್‌ನಲ್ಲಿ (ಸೂಕ್ಷ್ಮ ಅಳತೆಯ ಉಪಕರಣ) 15 ದಿನಕ್ಕೊಮ್ಮೆ, ದಿನದ ಅದೇ ಹೊತ್ತಿಗೆ ಅಳೆದು ಬರೆದಿಡಿ. ಬಿರುಕಿನ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಕು ಹಾಕಿ. ಹಾಗೆಯೇ ಮನೆ ಸುತ್ತ ಪ್ಲಿಂತ್ (ನೆಲಮಟ್ಟದ ಕಟ್ಟೆ) ಮೇಲೆ ಎಂಟು ಕಡೆ ಗುರುತು ಮಾಡಿ, ಗೌಂಡಿಗಳ ನೀರಿನ ಟ್ಯೂಬಿನಿಂದ ತಿಂಗಳಿಗೊಮ್ಮೆ ಮಟ್ಟ ನೋಡಿ. ಯಾವ ಮೂಲೆ ಅಲುಗುತ್ತಿದೆ ಎಂಬುದು ಎರಡು ಮೂರು ಸಲದಲ್ಲೇ ಗೊತ್ತಾಗುತ್ತದೆ. ಒಂದು ಬೇಸಿಗೆ, ಒಂದು ಮಳೆಗಾಲ ಕಳೆಯದೆ ಖಾಯಂ ರಿಪೇರಿ ಮಾಡಿಸಬೇಡಿ. ಈ ನಡುವೆ ಬೀಮಿನಲ್ಲೋ ಕಾಲಂನಲ್ಲೋ 0.3 ಮಿ.ಮೀ. ದಾಟಿದ ಬಿರುಕು ಕಂಡರೆ ಮಾತ್ರ ಕಾಯದೆ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ.

ಟೈಲ್ಸ್ ವಿಚಾರಕ್ಕೆ ಎದ್ದಿರುವ ಒಂದನ್ನು ಕಿತ್ತು ನೋಡಿ. ಬೆನ್ನಿಗೆ ಐದು ಉಂಡೆ ಸಿಮೆಂಟ್ ಮಾತ್ರ ಅಂಟಿದ್ದು ಉಳಿದದ್ದೆಲ್ಲ ಖಾಲಿಯಿದ್ದರೆ ಹಾಕಿದವರ ತಪ್ಪು. ಟೈಲ್ಸ್ ಕೆಳಗಿನ ಬೆಡ್ ಕಾಂಕ್ರೀಟೇ ಉಬ್ಬಿದ್ದರೆ ಇನ್ನೂ ಒಂದಡಿ ಅಗೆಯಿರಿ. ಗರಸಿನ (ಉಬ್ಬದ ಗಟ್ಟಿ ಕಲ್ಲುಮಣ್ಣು) ಬದಲು ಪಾಯ ತೋಡಿದ ಕರಿಮಣ್ಣನ್ನೇ ಒಳಗೆ ತುಂಬಿರುವುದು ಈ ಕಡೆ ಹೆಚ್ಚು. ಹಾಗಿದ್ದರೆ ಟೈಲ್ಸ್ ಬದಲಾಯಿಸಿ ಉಪಯೋಗವಿಲ್ಲ. ಮಣ್ಣು ತೆಗೆಸಿ, ಗರಸನ್ನು 6 ಇಂಚಿನ ಪದರಗಳಲ್ಲಿ ನೀರು ಹಾಕಿ ದಮ್ಮಸು ಮಾಡಿಸಲೇಬೇಕು.

ಗಿಲಾವ್_ಗೌಂಡಿ

ಕಾಲಂ_ಬೀಮು ಸರ್ ಹೇಳಿದ್ದು ಖರೆ, ಆದ್ರ ಒಂದು ಮಾತು. ತಾರಸಿ ನೀರನ್ನ ವರ್ಷಗಟ್ಟಲೆ ಕಾಯಕ್ಕ ಬರೂದಿಲ್ರಿ, ಕಬ್ಬಿಣಕ್ಕ ತುಕ್ಕು ಹಿಡೀತದ. ಅದನ್ನ ಮೊದಲ ಮಾಡಿಸ್ರಿ, ಫೋಟೋ ಎಲ್ಲಾ ತಗೊಂಡ ಮ್ಯಾಲ.

ಒಳಗಿಂದ ವಾಟರ್‌ಪ್ರೂಫ್ ಪುಟ್ಟಿ ಬಡದ್ರ ನೀರು ಸ್ಲ್ಯಾಬಿನೊಳಗ ಕುಂದರ್ತದ, ಅಷ್ಟ. ಮ್ಯಾಲಿಂದನ ಹಿಡೀಬೇಕು. ಮಳಿನೀರಿನ ಪೈಪಿನ ಬಾಯಿಗೆ ಬಟ್ಟಿ ತುರುಕಿ, 2 ಇಂಚು ನೀರು 48 ತಾಸು ನಿಲ್ಲಸ್ರಿ. ಇಡೀ ತಾರಸಿ ಒಮ್ಮೆಲೆ ಬ್ಯಾಡ, ನಡಕ ಮಣ್ಣಿನ ಕಟ್ಟಿ ಹಾಕಿ ಅರ್ಧರ್ಧ ತುಂಬಿಸ್ರಿ, ಎಲ್ಲಿಂದ ಇಳಿಯಾಕತ್ತದ ಗೊತ್ತಾಗ್ತದ. ಹತ್ತಕ್ಕ ಎಂಟು ಸಲ ಎರಡ ಜಾಗ: ಕುಂಬಿ ಸ್ಲ್ಯಾಬಿಗೆ ಕೂಡೂ ಮೂಲಿ, ಮತ್ತ ಪೈಪಿನ ಸುತ್ತ.

ಕುಂಬಿಗೆ ಒಂದಡಿ ಎತ್ತರದ ತನಕ ಗಿಲಾವ್ (ಪ್ಲಾಸ್ಟರ್) ಕೆತ್ತಿಸ್ರಿ. ಮೂಲ್ಯಾಗ 2 ಇಂಚಿನ ಇಳಿಜಾರು ಗೋಲಾಯಿ ಕಟ್ಟಸ್ರಿ, ಗಾರಿಯೊಳಗ ಎಸ್‌ಬಿಆರ್ ಲೇಟೆಕ್ಸ್ (ಗಾರಿಗೆ ಕಲಸೂ ರಬ್ಬರ್ ದ್ರಾವಣ) ಇರಬೇಕು. ಇಳಿಜಾರು ಮೀಟರಿಗೆ 1 ಸೆಂ.ಮೀ. ಕಡಿಮಿ ಇರಬಾರದು. ಮ್ಯಾಲೆ ವಾಟರ್‌ಪ್ರೂಫ್ ಕೋಟಿಂಗ್ ಎರಡು ಕೈ, ಒಂದು ಉದ್ದಕ್ಕ, ಒಂದು ಅಡ್ಡಕ್ಕ. ಮೂಲ್ಯಾಗ ಎರಡು ಕೈ ನಡುವ ಫೈಬರ್ ಜಾಳಿಗಿ. ಕೋಟಿಂಗ್ ಕುಂಬಿ ಮ್ಯಾಲೆ ಆ ಒಂದಡಿ ಏರಬೇಕು.

ಹಸಿ ನೆಲದ ಮ್ಯಾಲೆ ಹೊಡದ್ರ ಗುಳ್ಳಿ ಏಳ್ತದ. ಒಂದೂವರಿ ಅಡಿ ಚೌಕದ ಪ್ಲಾಸ್ಟಿಕ್ ಹಾಳಿ ನಾಕೂ ಕಡೆ ಟೇಪ್ ಹಚ್ಚಿ ಒಂದು ರಾತ್ರಿ ಬಿಡ್ರಿ. ಬೆಳಿಗ್ಗೆ ಕೆಳಗ ನೀರಿನ ಹನಿ ಕಂಡ್ರ ಇನ್ನೂ ಒಣಗಿಲ್ಲ. ಕೆಲಸ ಮುಗಿದು ಒಂದು ವಾರಕ್ಕ ಮತ್ತ 48 ತಾಸು ನೀರು ನಿಲ್ಲಸ್ರಿ. ಆ ಪರೀಕ್ಷಾ ಪಾಸ್ ಆಗೂ ತನಕ ರೊಕ್ಕ ಪೂರಾ ಕೊಡಬ್ಯಾಡ್ರಿ.

ಗ್ರಾಹಕ_ವಕಾಲತ್ತು

ಬಾಕಿ 1.8 ಲಕ್ಷವನ್ನು ಸುಮ್ಮನೆ ತಡೆಹಿಡಿಯಬೇಡಿ. ಹಾಗೆ ಮಾಡಿದರೆ "ದುಡ್ಡು ಕೊಡದೆ ಸತಾಯಿಸಲು ದೋಷ ಹೇಳುತ್ತಿದ್ದಾರೆ" ಎಂಬ ವಾದಕ್ಕೆ ನೀವೇ ದಾರಿ ಮಾಡಿಕೊಟ್ಟಂತೆ. ದೋಷಗಳ ಪಟ್ಟಿ, ಅಳತೆ, ಫೋಟೋ ಸೇರಿಸಿ, ಇವನ್ನು ಸರಿಪಡಿಸುವವರೆಗೆ ಈ ಮೊತ್ತ ಹಿಡಿದಿದ್ದೇನೆ ಎಂದು ಬರೆದು, 30 ದಿನದ ಗಡುವು ಕೊಟ್ಟು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಬಿರುಕಿನ ಫೋಟೋದಲ್ಲಿ ಪಕ್ಕಕ್ಕೆ ಸ್ಟೀಲ್ ಸ್ಕೇಲ್ ಇರಲಿ.

ಅನೇಕರು ರೇರಾಗೆ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಓಡುತ್ತಾರೆ. ಐದು ವರ್ಷದೊಳಗಿನ ದೋಷವನ್ನು 30 ದಿನದಲ್ಲಿ ಉಚಿತವಾಗಿ ಸರಿಪಡಿಸಬೇಕೆನ್ನುವ ಕಲಂ 14(3) ಇರುವುದು ಫ್ಲ್ಯಾಟು, ಮನೆ ಕಟ್ಟಿ ಮಾರುವ ಪ್ರವರ್ತಕರಿಗೆ. ಸ್ವಂತ ಸೈಟಿನಲ್ಲಿ ಗುತ್ತಿಗೆಗೆ ಕಟ್ಟಿಸಿದ ನಿಮಗೆ ದಾರಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಅದರಲ್ಲಿ ಮನೆ ನಿರ್ಮಾಣವೂ ಸೇವೆಯೇ. ಕೊಟ್ಟ ಮೊತ್ತ 50 ಲಕ್ಷದೊಳಗಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 20ರಿಂದ 50 ಲಕ್ಷಕ್ಕೆ ಶುಲ್ಕ 1,000 ರೂಪಾಯಿ. ವ್ಯಾಜ್ಯಕಾರಣ (ದೂರಿಗೆ ಕಾರಣವಾದ ಸಂಗತಿ) ಹುಟ್ಟಿದ ಎರಡು ವರ್ಷದೊಳಗೆ ದೂರು ಹೋಗಬೇಕು. ಒಂದು ಬೇಸಿಗೆ, ಒಂದು ಮಳೆಗಾಲ ಅಳೆಯುವುದು ಸರಿಯೇ, ಆದರೆ ಈ ಗಡುವು ಮರೆತು ಅಳೆಯುತ್ತ ಕೂರಬೇಡಿ. ವಾಟ್ಸ್‌ಆ್ಯಪ್ ಮಾತುಕತೆ ಹಾಜರುಪಡಿಸುವುದಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರಂತೆ ವಿದ್ಯುನ್ಮಾನ ದಾಖಲೆಯ ಪ್ರಮಾಣಪತ್ರ ಲಗತ್ತಿಸಿ. ಪಾಯದ ನಕ್ಷೆ ಮಾಡಿದ ಎಂಜಿನಿಯರ್ ಬೇರೆಯವರಾದರೆ ಅವರನ್ನೂ ಎದುರುದಾರರಾಗಿ ಸೇರಿಸಿ. ಇಲ್ಲದಿದ್ದರೆ ಗುತ್ತಿಗೆದಾರರು ಅವರತ್ತ ಬೆರಳು ತೋರಿಸಿ ಜಾರಿಕೊಳ್ಳುತ್ತಾರೆ.

ಹೊಸಮನೆ_ಧಾರವಾಡ

ಟೈಲ್ ಕಿತ್ತು ನೋಡಿದೆ, ಕೆಳಗೆ ಕರಿಮಣ್ಣೇ. ಇನ್ನೊಂದು ವಿಷಯ ಬಿಟ್ಟುಹೋಗಿತ್ತು: ಆಗ್ನೇಯ ಮೂಲೆಯಿಂದ 8 ಅಡಿಗೆ ಬೇವಿನ ಮರವಿದೆ, ಸುಮಾರು 25 ಅಡಿ ಎತ್ತರ. ಬಿರುಕು ಬೇಸಿಗೆಯಲ್ಲಿ ದೊಡ್ಡದಾಗಿ ಮಳೆಗಾಲದಲ್ಲಿ ಕೂಡಿಕೊಳ್ಳುತ್ತದೆ. ಮರ ಕಡಿಸಲೇ?

ಕಾಲಂ_ಬೀಮು

ಲೆಕ್ಕ ಸರಿಹೋಯಿತು. ಬೇಸಿಗೆಯಲ್ಲಿ ಬೇರು ಆ ಮೂಲೆಯ ತೇವ ಹೀರುತ್ತದೆ, ಮಣ್ಣು ಕುಗ್ಗಿ ಮೂಲೆ ಇಳಿಯುತ್ತದೆ. ಆದರೆ ಒಮ್ಮೆಲೇ ಕಡಿಸಬೇಡಿ. ಇಷ್ಟು ದಿನ ಒಣಗಿದ್ದ ಮಣ್ಣು ನಿಧಾನವಾಗಿ ನೀರು ಕುಡಿದು ಉಬ್ಬಿ, ಅದೇ ಮೂಲೆಯನ್ನು ಮೇಲೆತ್ತಬಹುದು. ಕೊಂಬೆಗಳನ್ನು ಸವರಿಸಿ ಸಣ್ಣದಾಗಿಡಿ. ಮರಕ್ಕೂ ಮನೆಗೂ ನಡುವೆ, ಆದಷ್ಟು ಮನೆ ಕಡೆಗೆ, 5 ಅಡಿ ಆಳದ ಕಾಲುವೆ ತೋಡಿ ದಪ್ಪ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಹಾಳೆ ನಿಲ್ಲಿಸಿ ಮುಚ್ಚಿಸಿ. ಮರದ ಬುಡಕ್ಕೆ ಅಂಟಿ ತೋಡಿದರೆ ಬೇರು ಕಡಿದು ಗಾಳಿಗೆ ಉರುಳೀತು.

ಮನೆ ಸುತ್ತ 5 ಅಡಿ ಅಗಲಕ್ಕೆ 3 ಇಂಚಿನ ಕಾಂಕ್ರೀಟ್ ಹಾಸು ಹಾಕಿಸಿ, ಹೊರಕ್ಕೆ 2 ಇಂಚು ಇಳಿಜಾರು ಇರಲಿ. ಹಾಸು ಗೋಡೆಗೆ ತಾಗುವಲ್ಲಿ ಅರ್ಧ ಇಂಚು ಸಂದು ಬಿಟ್ಟು ಸೀಲಂಟ್ ತುಂಬಬೇಕು. ತಾರಸಿಯಿಂದ ಇಳಿವ ಮಳೆನೀರಿನ ಪೈಪು ಈ ಹಾಸಿನ ಆಚೆಗೆ ಬೀಳಲಿ. ಇಂಗುಗುಂಡಿ ಇದ್ದರೆ ಅದೂ ಪಾಯದಿಂದ ದೂರ. ಅಳತೆ ಮಾತ್ರ ಬಿಡಬೇಡಿ. ಹಾಸು ಹಾಕಿದ ನಂತರದ ಬೇಸಿಗೆಯಲ್ಲಿ ವರ್ನಿಯರ್ ಅಂಕಿ ಅರ್ಧ ಮಿ.ಮೀ. ಕೂಡ ಕದಲದಿದ್ದರೆ ಆಗ ಬಿರುಕಿನ ಎರಡೂ ಬದಿ 6 ಇಂಚು ಗಿಲಾವ್ ತೆಗೆಸಿ, ಒಂದೂವರೆ ಅಡಿಗೊಂದರಂತೆ ಬ್ಲಾಕಿನ ಸಂದಿನಲ್ಲಿ 8 ಮಿ.ಮೀ. ಸರಳು ಅಡ್ಡ ಕೂರಿಸಿ, ಮೇಲೆ ತಂತಿ ಜಾಳಿಗೆ ಹೊಡೆದು ಗಿಲಾವ್ ಮಾಡಿಸಿ. 7 ದಿನ ನೀರು ಹಾಕುವುದನ್ನು ತಪ್ಪಿಸಬೇಡಿ.