ಬ್ಯಾಕಪ್ ಹಾರ್ಡ್ ಡಿಸ್ಕ್ ಅರ್ಧದಲ್ಲೇ ಕೈ ಕೊಡುತ್ತದೆ, ಎಸ್‌ಎಸ್‌ಡಿ ತಗೊಳ್ಳಲಾ?

ಬದಿಯಡ್ಕದವ:
ಸಾಕಾಗಿ ಹೋಯ್ತು ಮಾರಾಯ್ರೆ. ಮನೆ ಕಂಪ್ಯೂಟರಿನಲ್ಲಿ 700 ಜಿಬಿ ಯಕ್ಷಗಾನದ ವಿಡಿಯೋ ಉಂಟು, ಎಲ್ಲ ನಿದ್ದೆಗೆಟ್ಟು ನಾನೇ ತೆಗೆದದ್ದು. ಅದಕ್ಕೆಂದೇ 2 ಟಿಬಿ ಹಾರ್ಡ್ ಡಿಸ್ಕ್ ತಂದೆ. ಕಾಪಿಗೆ ಹಾಕಿ ಊಟ ಮಾಡಿ ಬಂದರೆ ಡಿಸ್ಕೇ ಕಾಣುವುದಿಲ್ಲ. ಮೂರು ಸಲ ಹೀಗೇ ಆಯಿತು. ಟಿಕ್ ಟಿಕ್ ಶಬ್ದ ಬೇರೆ. ಇದನ್ನು ಬಿಸಾಡಿ, ತಿರುಗುವ ತಟ್ಟೆಯ ಬದಲು ಚಿಪ್ಪಿನಲ್ಲಿ ಫೈಲು ಇಡುವ ಎಸ್‌ಎಸ್‌ಡಿ ತಗೊಳ್ಳಲಾ, ದೊಡ್ಡ ಪೆನ್‌ಡ್ರೈವ್ ಸಾಕಾ?

ಕುಂಬಳೆ_ಭಟ್:
ಸಿಡಿಲು. ಯುಪಿಎಸ್ ಉಂಟಾ? ನಮ್ಮಲ್ಲಿ ಹೋದ ಮಳೆಗಾಲ ಮೋಡೆಮ್ಮೂ ಟಿವಿಯೂ ಒಟ್ಟಿಗೇ ಹೋದವು.

ಪೆರ್ಲದ ಹುಡುಗ:
ಸಿಡಿಲಲ್ಲ ಭಟ್ರೇ. ಡಿಸ್ಕಿನಲ್ಲಿ ಫೈಲು ಜೋಡಿಸುವ ಹಳೆ ಕ್ರಮ ಫ್ಯಾಟ್32 ಇರಬೇಕು, ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲು ಕೂರುವುದಿಲ್ಲ. ಫಾರ್ಮ್ಯಾಟ್ ಮಾಡಿ.

ಬದಿಯಡ್ಕದವ:
7 ಜಿಬಿಯ ಒಂದು ಪ್ರಸಂಗ ಪೂರ್ತಿ ಹೋಗಿದೆ. ಮತ್ತೆ 2 ಟಿಬಿ ಅಂತ ಕೊಟ್ಟದ್ದು, 1.81 ತೋರಿಸುತ್ತದೆ. ಅದೂ ಮೋಸ.

ಪೆರ್ಲದ ಹುಡುಗ:
ಮೋಸ ಅಲ್ಲ, ಕಂಪನಿ 1000ದಲ್ಲಿ ಲೆಕ್ಕ ಹಾಕುತ್ತದೆ, ವಿಂಡೋಸ್ 1024ರಲ್ಲಿ. ಆದರೂ ಒಮ್ಮೆ ಫಾರ್ಮ್ಯಾಟ್ ಮಾಡಿ ನೋಡಿ.

ಕುಂಬಳೆ_ಭಟ್:
ಲೆಕ್ಕ ಯಾವುದಾದರೂ ಇರಲಿ, ದುಡ್ಡು ಕೊಟ್ಟದ್ದು 2ಕ್ಕೆ ಅಲ್ವಾ?

ತೋಟದಮನೆ:
ನಾನು ನಾಲ್ಕು ಡಿಸ್ಕಿನ ನ್ಯಾಸ್ ಇಟ್ಟಿದ್ದೇನೆ, ಮನೆ ನೆಟ್‌ವರ್ಕಿಗೆ ಜೋಡಿಸುವ ಡಿಸ್ಕ್ ಪೆಟ್ಟಿಗೆ. ಒಂದು ಸತ್ತರೂ ಚಿಂತೆ ಇಲ್ಲ. ಅಟ್ಟದಲ್ಲಿ ಅಡಿಕೆ ಮೂಟೆಯ ಪಕ್ಕದಲ್ಲೇ ಉಂಟು, ಫೋಟೋ ಹಾಕಲಾ?

ಉಪ್ಪಳ_ಟೀಚರ್:
ಫೋಟೋ ಆಮೇಲೆ ಹಾಕಿ. ಬದಿಯಡ್ಕದವರೇ, ಡಿಸ್ಕನ್ನು ಯಾವ ಪೋರ್ಟಿಗೆ ಚುಚ್ಚಿದ್ದೀರಿ?

ಬದಿಯಡ್ಕದವ:
ಎದುರಿನದ್ದಕ್ಕೆ. ವೈರು ಮೇಜಿಗೆ ಮುಟ್ಟುವುದಿಲ್ಲ ಅಂತ ಮಧ್ಯೆ ಒಂದು ಎಕ್ಸ್‌ಟೆನ್ಶನ್. ಅದನ್ನೂ ಹೇಳಬೇಕಿತ್ತಾ?

ಉಪ್ಪಳ_ಟೀಚರ್:
ಅದನ್ನೇ ಹೇಳಬೇಕಿತ್ತು! ಹಳೆ ಯುಎಸ್‌ಬಿ 2 ಪೋರ್ಟು ಲೆಕ್ಕಕ್ಕೆ ಕೊಡುವುದೇ 500 ಮಿಲಿಆಂಪಿಯರ್. ಸಪೂರ ವೈರು ಉದ್ದವಾದಷ್ಟೂ ವೋಲ್ಟೇಜು ಇಳಿಯುತ್ತದೆ. ಡಿಸ್ಕಿಗೆ ಕರೆಂಟು ಸಾಲದೆ ಹೋದರೂ ಹಾಗೆ ಟಿಕ್ ಅನ್ನುತ್ತದೆ. ಎಕ್ಸ್‌ಟೆನ್ಶನ್ ತೆಗೆದು ಹಿಂದಿನ ನೀಲಿ ಪೋರ್ಟಿಗೆ ಹಾಕಿ, ಅದು ಯುಎಸ್‌ಬಿ 3, ಹೆಚ್ಚು ಕರೆಂಟು ಕೊಡುತ್ತದೆ. ಆಗಲೂ ಶಬ್ದ ಬಂದರೆ ಡಿಸ್ಕೇ ಹಾಳು, ವಾರಂಟಿಗೆ ಕೊಡಿ.

ಎಸ್‌ಎಸ್‌ಡಿ ಜೋರು ಓಡುತ್ತದೆ, ನಿಜ. ಆದರೆ ವರ್ಷಗಟ್ಟಲೆ ಕರೆಂಟು ಕೊಡದೆ ಕಪಾಟಿನಲ್ಲಿ ಇಡುವುದಕ್ಕೆ ನಾನು ನಂಬುವುದಿಲ್ಲ. ಪೆನ್‌ಡ್ರೈವಂತೂ ಬೇಡ. ಆ ದುಡ್ಡಿಗೆ ಇಂಥದ್ದೇ ಇನ್ನೊಂದು ಹಾರ್ಡ್ ಡಿಸ್ಕ್ ತಗೊಂಡು ತಮ್ಮನ ಮನೆಯಲ್ಲೋ ಎಲ್ಲೋ ಇಡಿ. ತೋಟದಮನೆಯವರೇ, ನಿಮ್ಮ ಅಟ್ಟಕ್ಕೆ ನೀರು ನುಗ್ಗಿದರೆ ನಾಲ್ಕೂ ಒಟ್ಟಿಗೇ ಹೋದಾವು.

ತೋಟದಮನೆ:
ನಮ್ಮ ಅಟ್ಟ ಸೋರುವುದಿಲ್ಲ.

ಬದಿಯಡ್ಕದವ:
ಹಿಂದೆ ಹಾಕಿದೆ. 212 ಜಿಬಿ ಆಯಿತು, ಶಬ್ದ ಇಲ್ಲ. ಇಲ್ಲಿ ಗುಡುಗು ಶುರುವಾಗಿದೆ, ಪ್ಲಗ್ ತೆಗೆಯಲಾ?

ಕುಂಬಳೆ_ಭಟ್:
ನಾನು ಮೊದಲೇ ಹೇಳಿದೆ, ಸಿಡಿಲು ಅಂತ.