ಸಹಾಯ ಬೇಕು: ಮೂಡಿಗೆರೆಯಾ, ಸಕಲೇಶಪುರವಾ?

ನಮಸ್ಕಾರ. ಈ ಶನಿವಾರ, ಭಾನುವಾರ ಹಾಸನದಿಂದ ಕಾರಲ್ಲಿ ಹೊರಡುತ್ತಿದ್ದೇವೆ. ನಾವಿಬ್ಬರು, ಮಗಳು, ಮಂಡಿನೋವಿನ ಅತ್ತೆ. ಬೇಲೂರು ಅಂತೂ ಖಚಿತ. ಅಲ್ಲಿಂದ ಹಳೇಬೀಡು ಸುಮಾರು 16 ಕಿ.ಮೀ., ಬಿಡಲು ಮನಸ್ಸಿಲ್ಲ. ಆಮೇಲೆ ಚಿಕ್ಕಮಗಳೂರು ನೋಡಿ ಮೂಡಿಗೆರೆಯಲ್ಲಿ ಉಳಿಯೋದಾ, ಇಲ್ಲಾ ಬೇಲೂರಿಂದ ನೇರ ಸಕಲೇಶಪುರಕ್ಕೆ ಹೋಗೋದಾ ಅನ್ನುವುದೇ ಗೊಂದಲ.

ಮಗಳಿಗೆ ಸಕಲೇಶಪುರದ ಹತ್ತಿರ ಇರುವ ನಕ್ಷತ್ರದಾಕಾರದ ಮಂಜರಾಬಾದ್ ಕೋಟೆ ನೋಡಬೇಕಂತೆ. ಮೆಟ್ಟಿಲು ಅಂದರೆ ಸಾಕು, ಅತ್ತೆ ಕೂತಲ್ಲೇ ಮಂಡಿ ಒತ್ತಿಕೊಳ್ಳುತ್ತಾರೆ! ಅವರಿಗೆ ಬೇಕಿರುವುದು ಇಷ್ಟೇ: ತೋಟದ ಪಕ್ಕ ಕಾರು ನಿಲ್ಲಿಸಿ, ಗಾಜು ಇಳಿಸಿ, ಕಾಫಿ ಹೂವಿನ ಘಮ. ಹೋದ ವಾರ ಮಳೆ ಬಿದ್ದಿದೆ, ಶನಿವಾರಕ್ಕೆ ಹೂ ಅರಳಿ ತೋಟ ಬೆಳ್ಳಗಾಗಿರುತ್ತೆ ಅಲ್ವಾ?

ಆ ಕಡೆಯವರು ಹೇಳಿ, ಬೇಲೂರು-ಸಕಲೇಶಪುರ ರಸ್ತೆ ಈಗ ಹೇಗಿದೆ? ಮೆಟ್ಟಿಲು ಹತ್ತದೆ ಉಳಿಯುವ ಹೋಂಸ್ಟೇ ಯಾವ ಊರಲ್ಲಿ ಜಾಸ್ತಿ ಸಿಗುತ್ತೆ?