ಪೋಲಿಂಗ್ ಬಿಟ್ಟು ವೆಬ್‌ಹುಕ್‌ಗೆ ಹೋದವರು ಸ್ವಲ್ಪ ಹೇಳ್ರಿ

ಬೆಳಗಾವಿಯಿಂದ ಪ್ರಶ್ನೆ:
ಇಳಕಲ್ ಸೀರೆ, ಗುಳೇದಗುಡ್ಡದ ಖಣ ಮಾರುವ ಅಂಗಡಿಗಳಿಗೆ ಸ್ಟಾಕ್ ನೋಡಿಕೊಳ್ಳುವ ಸಾಫ್ಟ್‌ವೇರ್ ಮಾಡಿದ್ದೇವೆ. ಅವರ ಆನ್‌ಲೈನ್ ಅಂಗಡಿ ಕೆಲವರದು ಶಾಪಿಫೈ ಮೇಲೆ, ಕೆಲವರದು ವೂಕಾಮರ್ಸ್ ಮೇಲೆ. ಈಗ ಮಾಡುವುದು ಪೋಲಿಂಗ್: ಐದು ನಿಮಿಷಕ್ಕೊಮ್ಮೆ ಪ್ರತಿ ಅಂಗಡಿಯ ಎಪಿಐ (ಒಂದು ಸಾಫ್ಟ್‌ವೇರ್ ಇನ್ನೊಂದರಿಂದ ಮಾಹಿತಿ ಕೇಳುವ ದಾರಿ) ಕರೆದು ಹೊಸದೇನಿದೆ ಅಂತ ಕೇಳುತ್ತೇವೆ. ಬಹಳ ಸಲ ಹೊಸದೇನೂ ಇರುವುದಿಲ್ಲ, ಇಷ್ಟೇ ಸಲ ಕೇಳಬಹುದು ಎಂಬ ಲಿಮಿಟ್ ಸುಮ್ನೆ ಖರ್ಚು. ಅಷ್ಟರಲ್ಲೇ ಒಂದೇ ಸೀರೆ ಕೌಂಟರ್‌ನಲ್ಲೂ ಆನ್‌ಲೈನ್‌ನಲ್ಲೂ ಮಾರಾಟವಾಗಿ ಜಗಳ. ಏನು ಮಾಡೋಣ?

ವಿಜಯಪುರದಿಂದ:
ವೆಬ್‌ಹುಕ್‌ಗೆ (ಏನಾದರೂ ಬದಲಾದ ಕೂಡಲೇ ಅಂಗಡಿಯ ಕಡೆಯಿಂದಲೇ ನಮ್ಮ ಸರ್ವರ್‌ಗೆ ಸುದ್ದಿ ಬರುವ ವ್ಯವಸ್ಥೆಗೆ) ಹೋಗ್ರಿ, ಆದರೆ ಪೋಲಿಂಗ್ ಪೂರ್ತಿ ಕಿತ್ತು ಹಾಕಬೇಡಿ. ವೆಬ್‌ಹುಕ್ ತಲುಪಿಯೇ ತೀರುತ್ತದೆ ಎಂಬ ಖಾತ್ರಿ ಇಲ್ಲ ಅಂತ ಶಾಪಿಫೈಯೇ ಹೇಳುತ್ತದೆ. ನಾವು ರಾತ್ರಿ ಒಮ್ಮೆ, ಹಿಂದಿನ ಸಲದಿಂದ ಬದಲಾದ ಆರ್ಡರ್‌ಗಳನ್ನಷ್ಟೇ ತರಿಸಿ ತಾಳೆ ನೋಡುತ್ತೇವೆ. ಶಾಪಿಫೈಗೆ 5 ಸೆಕೆಂಡಿನೊಳಗೆ ಉತ್ತರ ಹೋಗಬೇಕು. ಹಾಗಾಗಿ ಸುದ್ದಿ ನಿಜವಾಗಿ ಅವರದೇನಾ ಅಂತ ಅದರ ಡಿಜಿಟಲ್ ಸಹಿ ಪರೀಕ್ಷಿಸಿ, ಕ್ಯೂಗೆ (ಕಾಯುವ ಕೆಲಸಗಳ ಸಾಲಿಗೆ) ಹಾಕಿ, 200 (‘ತಲುಪಿತು’ ಎಂಬ ಉತ್ತರ) ಕಳಿಸಿಬಿಡ್ರಿ. ಮಿಕ್ಕ ಕೆಲಸ ಆಮೇಲೆ. ವೂಕಾಮರ್ಸ್‌ದು ಇನ್ನೊಂದು ಕಾಟ: ಸಾಲಾಗಿ 5 ಸಲಕ್ಕಿಂತ ಜಾಸ್ತಿ ಫೇಲಾದರೆ ಆ ವೆಬ್‌ಹುಕ್ ತಾನೇ ಬಂದ್ ಆಗುತ್ತದೆ. ನಮ್ಮ ಸರ್ವರ್‌ಗೆ ಸುದ್ದಿಯೇ ಇರುವುದಿಲ್ಲ. ರಾತ್ರಿ ತಾಳೆ ನೋಡುವಾಗ ಅದರ ಸ್ಥಿತಿಯನ್ನೂ ಕೇಳ್ರಿ.

ಬಾಗಲಕೋಟೆಯಿಂದ:
ಮೇಲಿನವರ ಮಾತು ಸರಿ. ಅದಕ್ಕಿಂತ ಜಾಸ್ತಿ ಕಾಡುವುದು ಒಂದೇ ಈವೆಂಟ್ (ವೆಬ್‌ಹುಕ್ ತರುವ ಸುದ್ದಿ) ಎರಡು ಸಲ ಬರುವುದು, ಹಿಂದುಮುಂದಾಗಿ ಬರುವುದು. ‘ಸ್ಟಾಕ್‌ನಲ್ಲಿ ಒಂದು ಕಳೆ’ ಅಂತ ಕೋಡ್ ಬರೆದಿದ್ದರೆ ಎರಡು ಕಳೆಯುತ್ತದೆ. ಅಂಗಡಿಯ ಐಡಿ, ಈವೆಂಟ್ ಐಡಿ ಎರಡನ್ನೂ ಸೇರಿಸಿ ಯೂನಿಕ್ ಮಾಡಿಡಿ, ಅದೇ ಜೋಡಿ ಮತ್ತೆ ಬಂದರೆ ಬಿಟ್ಟುಬಿಡ್ರಿ. ನಾವಂತೂ ಈವೆಂಟನ್ನು ಬಾಗಿಲು ತಟ್ಟಿದ ಸದ್ದು ಅಂತಷ್ಟೇ ನೋಡುತ್ತೇವೆ. ಅದರೊಳಗಿನ ಸಂಖ್ಯೆ ನಂಬುವುದಿಲ್ಲ, ಆ ಒಂದು ಐಟಂನ ಈಗಿನ ಸ್ಟಾಕ್ ಎಪಿಐಯಿಂದ ಕೇಳುತ್ತೇವೆ. ಆಗ ಹಳೇ ಈವೆಂಟ್ ತಡವಾಗಿ ಬಂದರೂ ಲೆಕ್ಕ ಕೆಡುವುದಿಲ್ಲ. ಕರೆ ಸ್ವಲ್ಪ ಜಾಸ್ತಿ ಆಗುತ್ತದೆ, ಆಗಲಿ ಬಿಡಿ.

ಇನ್ನು ಕ್ಯೂ ಎಲ್ಲರಿಗೂ ಒಂದೇ ಇಟ್ಟರೆ ಹಬ್ಬದ ಮುಂಚೆ ಗೊತ್ತಾಗುತ್ತದೆ. ಯಾರೋ ಒಬ್ಬರು ಸಾವಿರಾರು ಐಟಂಗಳ ಬೆಲೆ ಒಮ್ಮೆಲೇ ಬದಲಿಸುತ್ತಾರೆ, ಉಳಿದ ಅಂಗಡಿಗಳ ಆರ್ಡರ್ ಅದರ ಹಿಂದೆ ಕಾಯುತ್ತವೆ. ಒಂದು ಅಂಗಡಿಗೆ ಒಟ್ಟಿಗೆ ಇಷ್ಟೇ ಕೆಲಸ ಅಂತ ಮಿತಿ ಹಾಕ್ರಿ. ಆರ್ಡರ್‌ಗೂ ಬೆಲೆ ಬದಲಾವಣೆಗೂ ಬೇರೆ ಬೇರೆ ಕ್ಯೂ ಇರಲಿ.

ಬೆಳಗಾವಿಯಿಂದಲೇ ಇನ್ನೊಬ್ಬರು:
ಅಂಗಡಿಗಳು ಬೆರಳೆಣಿಕೆಯಷ್ಟಿದ್ದರೆ ಇಷ್ಟೆಲ್ಲ ಬೇಡ, ಬದಲಾದದ್ದನ್ನಷ್ಟೇ ಕೇಳುವ ಪೋಲಿಂಗ್ ಸಾಕು. ಮತ್ತೆ, ವೆಬ್‌ಹುಕ್ ಬಂದರೂ ನಡುವೆ ಕೆಲವು ಸೆಕೆಂಡ್ ಇದ್ದೇ ಇರುತ್ತದೆ, ಅಲ್ವಾ? ಒಂದೇ ಪೀಸ್ ಇರುವ ಕೈಮಗ್ಗದ ಸೀರೆಯನ್ನು ಕೌಂಟರ್‌ನಲ್ಲಿ ಬಿಚ್ಚಿ ತೋರಿಸುವಾಗಲೇ ಆನ್‌ಲೈನ್ ಸ್ಟಾಕ್‌ನಿಂದ ತೆಗೆಯುವ ಒಂದು ಬಟನ್ ಕೊಡ್ರಿ.